ಮಿಡ್‌ಟರ್ಮ್ ಓಟು: ಹೊರುವಷ್ಟೇ ಭಾರ ಹೊರಿಸಿ

'ಮಧ್ಯಂತರ ಚುನಾವಣೆ' ಎಂದರೆ ನಮಗೆ ಸರ್ಕಾರ ಬಿದ್ದ ಹಾಗೆ, ಇಲ್ಲವೇ ವಿಧಾನಸಭೆ ವಿಸರ್ಜನೆಯಾದ ಹಾಗೆ. 1985ರಲ್ಲಿ ರಾಮಕೃಷ್ಣ ಹೆಗಡೆಯವರು ಅವಧಿಗೆ ಮುಂಚೆ ಜನರ ಮುಂದೆ ಹೋದದ್ದು ಅಂಥದ್ದು. ಅಮೆರಿಕದ ಮಿಡ್‌ಟರ್ಮ್ ಬೇರೆಯೇ. ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ ಅದು ಗೊತ್ತಾದ ದಿನಕ್ಕೇ ಬರುತ್ತದೆ. 2026ರಲ್ಲಿ ಆ ದಿನ ನವೆಂಬರ್ 3. ಫಲಿತಾಂಶ ಏನೇ ಆಗಲಿ, ಅಧ್ಯಕ್ಷರು ಕುರ್ಚಿಯಲ್ಲೇ ಇರುತ್ತಾರೆ. ಅಲ್ಲಿ ಪೌರತ್ವ ಪಡೆದು ಮೊದಲ ಸಲ ಓಟು ಹಾಕುವ ಕನ್ನಡಿಗರು ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರೆ ಮುಂದಿನ ಅರ್ಧ ನಿರಾಸೆ ತಪ್ಪುತ್ತದೆ.

ಅಮೆರಿಕದ ಸಂಸತ್ತಿಗೆ 'ಕಾಂಗ್ರೆಸ್' ಎನ್ನುತ್ತಾರೆ. ಅದರ ಕೆಳಮನೆ ಹೌಸ್, ಮೇಲ್ಮನೆ ಸೆನೆಟ್. ಹೌಸ್‌ನ ಎಲ್ಲ 435 ಸ್ಥಾನಗಳಿಗೆ, ಸೆನೆಟ್‌ನ 100ರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮತದಾನ. ವಿರೋಧ ಪಕ್ಷ ಹೌಸ್‌ನಲ್ಲಿ 218 ಮುಟ್ಟಿದರೆ ಸಮಿತಿಗಳ ಅಧ್ಯಕ್ಷಗಿರಿ ಅದರ ಕೈಗೆ ಬರುತ್ತದೆ. ಅಧಿಕಾರಿಗಳಿಗೆ ಸಮನ್ಸ್ ಕಳಿಸಬಹುದು, ಹಣದ ಮಸೂದೆಗಳಲ್ಲಿ ಪಟ್ಟು ಹಿಡಿಯಬಹುದು. ಅಂದರೆ ಸಿಗುವುದು ತಡೆಯುವ ಶಕ್ತಿ. ಅಧ್ಯಕ್ಷರ ವೀಟೊ ಮೀರಿ ಕಾನೂನು ಮಾಡಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಲ ಬೇಕು. ಎಲ್ಲರೂ ಹಾಜರಿದ್ದರೆ ಹೌಸ್‌ನಲ್ಲಿ 290, ಸೆನೆಟ್‌ನಲ್ಲಿ 67.

ನಮ್ಮವರ ಮನೆಗಳಲ್ಲಿ ಹೆಚ್ಚು ಮಾತಾಗುವ ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ನೆಲೆಸುವ ಅನುಮತಿ) ಸರದಿಯನ್ನೇ ನೋಡಿ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳಿಗೆ ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇದೆ. ಭಾರತೀಯರು ವರ್ಷಗಟ್ಟಲೆ ಕಾಯುವುದಕ್ಕೆ ಅದೇ ಮುಖ್ಯ ಕಾರಣ. ಈ ಮಿತಿ ತೆಗೆಯುವ ಮಸೂದೆಗೆ 2019ರ ಜುಲೈನಲ್ಲಿ ಹೌಸ್‌ನಲ್ಲಿ 365 ಮತ ಬಿತ್ತು, ವಿರೋಧ ಬರೀ 65. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಕೂಡ ತನ್ನದೊಂದು ರೂಪವನ್ನು ಯಾರ ತಕರಾರೂ ಇಲ್ಲದೆ ಒಪ್ಪಿತು. ಆದರೆ ಎರಡು ರೂಪಗಳು ಒಂದಾಗಲಿಲ್ಲ. ಆ ಕಾಂಗ್ರೆಸ್‌ನ ಅವಧಿ ಮುಗಿಯಿತು, ಮಸೂದೆಯೂ ಸತ್ತಿತು. ಎರಡೂ ಪಕ್ಷಗಳ ಬೆಂಬಲ ಇದ್ದ ಕೆಲಸದ ಗತಿಯೇ ಇದು. ಹಾಗಾಗಿ 'ನಮ್ಮ ಅಭ್ಯರ್ಥಿ ಗೆದ್ದರೆ ತಮ್ಮನ ಗ್ರೀನ್ ಕಾರ್ಡ್ ಆಯಿತು' ಎಂದುಕೊಳ್ಳಬೇಡಿ. ಒಂದು ಹಾಳೆಯಲ್ಲಿ ನಿಮಗೆ ಬೇಕಾದದ್ದನ್ನು ಬರೆಯಿರಿ. ಪಕ್ಕದಲ್ಲಿ ಅದು ಯಾರ ಕೈಲಿದೆ ಎಂದು ಬರೆಯಿರಿ: ಹೌಸ್, ಸೆನೆಟ್, ಗವರ್ನರ್ (ರಾಜ್ಯದ ಚುನಾಯಿತ ಮುಖ್ಯಸ್ಥ), ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಶಾಲಾ ಮಂಡಳಿ. ಅದರ ಮುಂದೆ ಎಷ್ಟು ಮತ ಬೇಕು ಎಂಬುದು. ಸೆನೆಟ್‌ನಲ್ಲಿ ಸಾಮಾನ್ಯ ಮಸೂದೆಯ ಚರ್ಚೆ ಮುಗಿಸಲೇ 60 ಮತ ಬೇಕು ಎಂಬುದನ್ನು ಮರೆಯಬೇಡಿ.

ಇತಿಹಾಸದ ಮೇಲೆ ಲೆಕ್ಕ ಹಾಕುವವರೂ ಎಡವುತ್ತಾರೆ. ಎರಡನೇ ಮಹಾಯುದ್ಧದ ನಂತರ ಅಧ್ಯಕ್ಷರ ಪಕ್ಷ ಮಿಡ್‌ಟರ್ಮ್‌ನಲ್ಲಿ ಹೌಸ್ ಸ್ಥಾನ ಹೆಚ್ಚಿಸಿಕೊಂಡದ್ದು ಎರಡೇ ಸಲ, 1998 ಮತ್ತು 2002. ಸೋಲಿನ ಗಾತ್ರ ಮಾತ್ರ ಯಾರ ಹಿಡಿತಕ್ಕೂ ಸಿಗುವುದಿಲ್ಲ: 2010ರಲ್ಲಿ ಡೆಮಾಕ್ರಟರು 63 ಸ್ಥಾನ ಕಳೆದುಕೊಂಡರು, ದೊಡ್ಡ 'ಕೆಂಪು ಅಲೆ' (ರಿಪಬ್ಲಿಕನ್ನರ ಭಾರಿ ಗೆಲುವು) ಬರುತ್ತದೆಂದು ಹಲವರು ಹೇಳಿದ್ದ 2022ರಲ್ಲಿ ಬರೀ 9. ಒಂದೇ ರಾತ್ರಿ ಎರಡು ದಿಕ್ಕಿನ ಫಲಿತಾಂಶವೂ ಬರುತ್ತದೆ. 2018ರಲ್ಲಿ ರಿಪಬ್ಲಿಕನ್ನರು ಹೌಸ್ ಕಳೆದುಕೊಂಡರು, ಸೆನೆಟ್‌ನಲ್ಲಿ ಬಲ ಹೆಚ್ಚಿಸಿಕೊಂಡರು.

ಸಮೀಕ್ಷೆಗಳ ಬಗ್ಗೆ ಒಂದೇ ಮಾತು: 600 ಜನರ ಸಮೀಕ್ಷೆಯಲ್ಲಿ ಒಬ್ಬ ಅಭ್ಯರ್ಥಿಯ ಅಂಕಿ 4 ಅಂಶ ಮೇಲೆ ಕೆಳಗೆ ಆಗಬಹುದು, ಇಬ್ಬರ ನಡುವಿನ ಅಂತರದಲ್ಲಿ ಆ ತಪ್ಪು ಹೆಚ್ಚುಕಡಿಮೆ ಇಮ್ಮಡಿ. ಮೂರು ಅಂಶದ ಮುನ್ನಡೆ ಕಂಡು ಸಿಹಿ ಹಂಚಬೇಡಿ, ಊಟ ಬಿಟ್ಟು ಕೂರಲೂ ಬೇಡಿ. ಸುರಕ್ಷಿತ ಎನ್ನಿಸಿಕೊಂಡಿದ್ದ ಕೊಲೊರಾಡೊದ 3ನೇ ಕ್ಷೇತ್ರ 2022ರಲ್ಲಿ 546 ಮತಗಳಲ್ಲಿ ತೀರ್ಮಾನವಾಯಿತು.

ಎಣಿಕೆಯ ರಾತ್ರಿ ಅತಿ ಕಷ್ಟದ್ದು. ಊರಿನಲ್ಲಿ ಬೆಳಗ್ಗೆ ಎಂಟಕ್ಕೆ ಶುರುವಾದ ಎಣಿಕೆಯ ಚಿತ್ರ ಮಧ್ಯಾಹ್ನದ ಹೊತ್ತಿಗೆ ಸ್ಪಷ್ಟವಾಗುವುದನ್ನು ಕಂಡವರಿಗೆ ಇದು ಇನ್ನೂ ಕಷ್ಟ. 2022ರಲ್ಲಿ ಮತದಾನ ನವೆಂಬರ್ 8ಕ್ಕೆ, ಹೌಸ್‌ನ ಬಹುಮತ ಯಾರಿಗೆ ಎಂದು ಖಚಿತವಾದದ್ದು 16ಕ್ಕೆ. ಕಾರಣ ಸರಳ. ಪೆನ್ಸಿಲ್ವೇನಿಯಾದಲ್ಲಿ ಅಂಚೆ ಮತದ ಲಕೋಟೆ ಬಿಚ್ಚುವುದೇ ಮತದಾನದ ದಿನ ಬೆಳಗ್ಗೆ 7ರ ನಂತರ. ಕ್ಯಾಲಿಫೋರ್ನಿಯಾ ಆ ವರ್ಷ, ಮತದಾನದ ದಿನದೊಳಗೆ ಅಂಚೆಗೆ ಹಾಕಿದ ಮತ 7 ದಿನ ತಡವಾಗಿ ತಲುಪಿದರೂ ಎಣಿಸಿತು. ಮುನ್ನಡೆ ಅತ್ತಿತ್ತ ತೂಗುವುದು ಮೋಸದಿಂದಲ್ಲ, ಯಾವ ಕಟ್ಟನ್ನು ಮೊದಲು ಎಣಿಸಿದರು ಎಂಬುದರಿಂದ. ಹತ್ತು ದಿನದ ತಾಳ್ಮೆಯನ್ನು ಮೊದಲೇ ಎತ್ತಿಡಿ.

ನಿಮ್ಮ ಒಂದು ಓಟಿನ ತೂಕ ಹೆಚ್ಚುವ ಜಾಗಗಳೂ ಇವೆ. ಒಂದೇ ಪಕ್ಷದ ಭದ್ರಕೋಟೆಯಾದ ಕ್ಷೇತ್ರದಲ್ಲಿ ನಿಜವಾದ ಸ್ಪರ್ಧೆ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಮೊದಲ ಸುತ್ತಿನಲ್ಲಿ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರಲ್ಲಿ ಮಿಷಿಗನ್‌ನ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಯನ್ನು ಸುಮಾರು ಶೇ. 28 ಮತದಿಂದಲೇ ಗೆದ್ದರು. ನವೆಂಬರ್‌ನ ಗೆಲುವು ಆಮೇಲೆ ಸುಲಭವಾಯಿತು. ಶಾಲಾ ಮಂಡಳಿ, ಕೌಂಟಿ, ಬಾಂಡ್ ಪ್ರಸ್ತಾವಗಳು (ಸ್ಥಳೀಯ ಕೆಲಸಗಳಿಗೆ ಸಾಲ ಎತ್ತಲು ಜನರ ಒಪ್ಪಿಗೆ ಕೇಳುವವು) ಮತಪತ್ರದ ಕೆಳಗಿನ ಸಾಲುಗಳಲ್ಲಿ ಇರುತ್ತವೆ. ಬಹಳ ಮಂದಿ ಅಲ್ಲಿಯವರೆಗೆ ಹೋಗದೆ ಖಾಲಿ ಬಿಡುತ್ತಾರೆ. ನಿಮ್ಮ ಮಗುವಿನ ಶಾಲೆಯ ವಿಚಾರ ಇರುವುದು ಅಲ್ಲೇ.

ಓಟು ವ್ಯರ್ಥವಾಗದಂತೆ ನೋಡಿಕೊಳ್ಳುವುದು ಮಾತ್ರ ಪೂರ್ತಿ ನಿಮ್ಮ ಕೈಲಿದೆ. ಮನೆ ಬದಲಿಸಿದ್ದರೆ ನೋಂದಣಿಯ ವಿಳಾಸ ತಿದ್ದಿಸಿ. ಕೊನೆಯ ದಿನಾಂಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಂಚೆ ಮತದ ಲಕೋಟೆಯ ಮೇಲಿನ ಸಹಿ ಕಡತದಲ್ಲಿರುವ ಸಹಿಯ ಹಾಗೇ ಇರಲಿ. ಹೊಂದದೆ ಹೋದರೆ ಹಲವು ರಾಜ್ಯಗಳಲ್ಲಿ ಸರಿಪಡಿಸಲು ಅವಕಾಶ ಉಂಟು, ಆದರೆ ಆ ಪತ್ರ ಬಂದ ದಿನವೇ ಉತ್ತರಿಸಿ. ಗ್ರೀನ್ ಕಾರ್ಡ್ ಅಥವಾ ಎಚ್1ಬಿ ಕೆಲಸದ ವೀಸಾ ಇರುವವರು ಈ ಚುನಾವಣೆಯಲ್ಲಿ ಓಟು ಹಾಕುವಂತಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿಯ ಚೌಕಕ್ಕೆ ತಿಳಿಯದೆ ಗುರುತು ಹಾಕಿದರೂ ಮುಂದೆ ಪೌರತ್ವಕ್ಕೇ ಅಡ್ಡಿಯಾಗಬಹುದು.

ಪೌರತ್ವ ಪಡೆದಿದ್ದು ಇಂಗ್ಲಿಷ್ ಓದಲಾಗದ ಅಪ್ಪ ಅಮ್ಮನನ್ನು ಮನೆಯಲ್ಲೇ ಬಿಟ್ಟು ಹೋಗಬೇಡಿ. ಓದಲು ಬಾರದ ಮತದಾರರು ತಮಗೆ ಬೇಕಾದವರನ್ನು ನೆರವಿಗೆ ಕರೆದೊಯ್ಯಬಹುದೆಂದು 'ವೋಟಿಂಗ್ ರೈಟ್ಸ್ ಆ್ಯಕ್ಟ್'ನ 208ನೇ ಸೆಕ್ಷನ್ ಹೇಳುತ್ತದೆ. ಕೆಲಸ ಕೊಟ್ಟವರು ಮತ್ತು ಅವರ ಕಡೆಯವರು, ಮತದಾರರ ಕಾರ್ಮಿಕ ಸಂಘದ ಪದಾಧಿಕಾರಿಗಳು ಮತ್ತು ಪ್ರತಿನಿಧಿಗಳು ಮಾತ್ರ ಆಗುವುದಿಲ್ಲ. ಮಗಳೋ ಸೊಸೆಯೋ ಪಕ್ಕದಲ್ಲಿ ನಿಂತು ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳಬಹುದು.