‘ಲೈ ಡೌನ್’ ಸರಿಯೋ, ‘ಲೇ ಡೌನ್’ ಸರಿಯೋ?

ಪ್ರಶ್ನೆ: ಮಲಗಿಕೊಳ್ಳಿ ಅನ್ನುವುದಕ್ಕೆ ಇಂಗ್ಲಿಷ್‌ನಲ್ಲಿ ಕೆಲವರು ‘ಲೈ ಡೌನ್’ ಅನ್ನುತ್ತಾರೆ, ಇನ್ನು ಕೆಲವರು ‘ಲೇ ಡೌನ್’. ಯಾವುದು ಸರಿ? ಲೀನ್, ರಿಕ್ಲೈನ್, ರಿಲ್ಯಾಕ್ಸ್ ಇವೆಲ್ಲ ಒಂದೇನಾ?

ಉತ್ತರ: ‘ಲೈ ಡೌನ್’ ಸರಿ. ಲೈ ಅಂದರೆ ತಾನೇ ಮಲಗುವುದು. ಲೇ ಅಂದರೆ ಬೇರೆ ಏನನ್ನೋ ಮಲಗಿಸುವುದು, ಇಡುವುದು. ಕನ್ನಡದವರಿಗೆ ಇದು ಕಷ್ಟ ಆಗಬೇಕಾಗಿಲ್ಲ. ಮಲಗು–ಮಲಗಿಸು, ಕೂರು–ಕೂರಿಸು ಅಂತ ದಿನಾ ಆಡುತ್ತೇವೆ, ಅಲ್ವಾ? ಇಂಗ್ಲಿಷ್‌ನಲ್ಲೂ ಇಂಥ ಜೋಡಿಗಳಿವೆ: ಲೈ–ಲೇ, ಸಿಟ್–ಸೆಟ್, ರೈಸ್–ರೇಜ್. ಮರ ಬೀಳುವುದಕ್ಕೆ ಫಾಲ್, ಮರ ಉರುಳಿಸುವುದಕ್ಕೆ ಫೆಲ್. ನಮ್ಮಲ್ಲಿ ‘ಇಸು’ ಕಣ್ಣಿಗೆ ಕಾಣುತ್ತದೆ. ಅವರಲ್ಲೂ ಒಂದು ಕಾಲಕ್ಕೆ ಅಂಥ ಪ್ರತ್ಯಯ ಇತ್ತು. ಅದು ಸವೆದುಹೋಗಿ ಸ್ವರದ ಬದಲಾವಣೆ ಮಾತ್ರ ಉಳಿದಿದೆ.

ಹಾಗಾಗಿ ಅನುಮಾನ ಬಂದಾಗ ‘ಏನನ್ನು?’ ಅಂತ ಕೇಳಿ ನೋಡಿ. ಕೋಳಿ ಇಡುತ್ತದೆ. ಏನನ್ನು? ಮೊಟ್ಟೆಯನ್ನು. ಅಲ್ಲಿ ಲೇ. ಇಟ್ಟಿಗೆ ಜೋಡಿಸುವುದಕ್ಕೂ ಲೇ. ನಾನು ಮಲಗುತ್ತೇನೆ. ಏನನ್ನು? ಆ ಪ್ರಶ್ನೆಯೇ ಕೂರುವುದಿಲ್ಲ. ಅಲ್ಲಿ ಲೈ.

ನಿಜವಾದ ತೊಡಕು ಇರುವುದು ಆಗಿಹೋದ ಕೆಲಸವನ್ನು ಹೇಳುವಾಗ. ಲೈ ಅನ್ನುವುದರ ಭೂತಕಾಲ ‘ಲೇ’! ‘ನಿನ್ನೆ ಅರ್ಧ ಗಂಟೆ ಮಲಗಿದ್ದೆ’ ಅನ್ನುವುದಕ್ಕೆ ‘ಐ ಲೇ ಡೌನ್’ ಅನ್ನುವುದೇ ಸರಿ. ಮಲಗಿಸಿದ್ದಕ್ಕೆ, ಇಟ್ಟಿದ್ದಕ್ಕೆ ‘ಲೇಡ್’. ‘ಹ್ಯಾವ್’ ಜೊತೆ ಬಂದಾಗ ಮಲಗಿದ್ದಕ್ಕೆ ‘ಲೇನ್’. ಇದು ಸಾಲದು ಅಂತ ಸುಳ್ಳು ಹೇಳುವುದಕ್ಕೂ ಲೈ ಅಂತಲೇ ಅನ್ನುತ್ತಾರೆ, ಅದರ ಭೂತಕಾಲ ‘ಲೈಡ್’. ಹುಟ್ಟಿನಿಂದ ಇಂಗ್ಲಿಷ್ ಆಡುವವರೂ ಇಲ್ಲಿ ಎಡವುತ್ತಾರೆ. ‘ಐಯಾಮ್ ಲೇಯಿಂಗ್ ಡೌನ್’ ಅನ್ನುವ ಮಾತು ನೂರಾರು ವರ್ಷಗಳಿಂದ ಬಳಕೆಯಲ್ಲಿದೆ. ಮಾತಿನಲ್ಲಿ ಯಾರಾದರೂ ಹಾಗಂದರೆ ತಿದ್ದಲು ಹೋಗಬೇಡಿ. ಪರೀಕ್ಷೆಯಲ್ಲಿ, ಕಚೇರಿ ಪತ್ರದಲ್ಲಿ ನೀವು ಮಾತ್ರ ಹಾಗೆ ಬರೆಯಬೇಡಿ.

ಆದರೆ ನನ್ನ ಪ್ರಕಾರ ಕನ್ನಡದವರು ಜಾಸ್ತಿ ಗಮನ ಕೊಡಬೇಕಾದ ಪದ ಇದಲ್ಲ, ಸ್ಲೀಪ್. ನಮ್ಮ ‘ಮಲಗು’ ಎರಡು ಕೆಲಸ ಮಾಡುತ್ತದೆ. ಮೈ ಚಾಚುವುದೂ ಮಲಗುವುದೇ, ನಿದ್ದೆ ಮಾಡುವುದೂ ಮಲಗುವುದೇ. ‘ಮಲಗಿಕೊಂಡು ಪುಸ್ತಕ ಓದುತ್ತಿದ್ದೆ’ ಅನ್ನುವುದನ್ನು ಹಾಗೇ ಇಂಗ್ಲಿಷ್‌ಗೆ ತಂದು ‘ಐ ವಾಸ್ ಸ್ಲೀಪಿಂಗ್ ಅಂಡ್ ರೀಡಿಂಗ್’ ಅಂದುಬಿಡುತ್ತೇವೆ. ಕೇಳಿದವರಿಗೆ ನಿದ್ದೆಯಲ್ಲಿ ಹೇಗೆ ಓದಿದರು ಅಂತ ಗೊಂದಲ. ಸ್ಲೀಪ್ ಅಂದರೆ ನಿದ್ದೆ ಮಾತ್ರ. ಕಣ್ಣು ತೆರೆದು ಮಲಗಿದ್ದರೆ ಅದು ಲೈಯಿಂಗ್. ಡಾಕ್ಟರ ಹತ್ತಿರ ‘ಸ್ಲೀಪ್ ಮಾಡಿದಾಗ ಬೆನ್ನು ನೋವು’ ಅಂದರೆ ನಿದ್ದೆಯಲ್ಲಿ ನೋವೋ, ಮಲಗಿದ ಭಂಗಿಯಿಂದ ನೋವೋ ಅನ್ನುವುದು ತಿಳಿಯುವುದಿಲ್ಲ. ಆ ವ್ಯತ್ಯಾಸ ಅವರಿಗೆ ಬೇಕಾದದ್ದು.

ಅಂಗಾತ, ಬೋರಲು, ಮಗ್ಗುಲು ಅಂತ ನಮಗೆ ಮುದ್ದಾದ ಪದಗಳಿವೆ. ಇಂಗ್ಲಿಷ್‌ನಲ್ಲಿ ಅಂಗಾತಕ್ಕೆ ಸುಪೈನ್, ಬೋರಲಿಗೆ ಪ್ರೋನ್. ಆದರೆ ಇವು ಹೆಚ್ಚಾಗಿ ಆಸ್ಪತ್ರೆಯ ಮಾತು. ಮನೆಮಾತಿನಲ್ಲಿ ‘ಆನ್ ಯುವರ್ ಬ್ಯಾಕ್’, ‘ಆನ್ ಯುವರ್ ಸ್ಟಮಕ್’, ‘ಆನ್ ಯುವರ್ ಸೈಡ್’ ಅಂತಲೇ ಹೇಳುತ್ತಾರೆ.

ಇನ್ನು ಒರಗುವ ವಿಷಯ. ಬಸ್ಸಿನ ಸೀಟಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ನೆಟ್ಟಗಿದ್ದ ಬೆನ್ನನ್ನು ಹಿಂದಿನ ದಿಂಬಿಗೆ ತಾಗಿಸಿದಿರಿ. ಅದು ‘ಲೀನ್ ಬ್ಯಾಕ್’. ಪಕ್ಕದ ಗುಂಡಿ ಒತ್ತಿದಿರಿ, ಸೀಟಿನ ಬೆನ್ನು ಮೆಲ್ಲಗೆ ಹಿಂದಕ್ಕೆ ಜಾರಿತು, ಅದರ ಜೊತೆ ನೀವೂ ವಾಲಿದಿರಿ. ಅದು ರಿಕ್ಲೈನ್. ಕೂತಿದ್ದಕ್ಕೂ ಮಲಗಿದ್ದಕ್ಕೂ ನಡುವಿನ ಸ್ಥಿತಿ. ಪೂರ್ತಿ ಮಟ್ಟಸವಾದರೆ ಆಗ ಲೈ. ಲೀನ್ ಅನ್ನುವುದಕ್ಕೆ ಹಿಂದಕ್ಕೇ ವಾಲಬೇಕು ಅಂತಿಲ್ಲ. ಮುಂದಕ್ಕೆ ಬಾಗಿದರೂ ಲೀನ್, ನಿಂತು ಗೋಡೆಗೆ ಒರಗಿದರೂ ಲೀನ್. ಗೋಡೆಗಾದರೆ ‘ಅಗೇನ್‌ಸ್ಟ್’ ಸೇರಿಸಿ.

ಇಲ್ಲಿ ಒಂದು ಸೊಗಸಾದ ನಂಟಿದೆ. ಲೀನ್, ರಿಕ್ಲೈನ್ ಎರಡೂ ಒಂದೇ ಹಳೇ ಬೇರಿನವು. ಒಂದು ಹಳೇ ಇಂಗ್ಲಿಷ್‌ನಿಂದ ಬಂತು, ಇನ್ನೊಂದು ಲ್ಯಾಟಿನ್‌ನಿಂದ. ಅದೇ ಬೇರಿನಿಂದ ಗ್ರೀಕ್‌ನಲ್ಲಿ ಹಾಸಿಗೆಗೆ ‘ಕ್ಲೀನೆ’ ಅನ್ನುವ ಪದ ಹುಟ್ಟಿತು. ನಾವು ದಿನಾ ಅನ್ನುವ ‘ಕ್ಲಿನಿಕ್’ ಬಂದದ್ದು ಅಲ್ಲಿಂದ. ಗೋಡೆಗೆ ಒರಗಿಸಿ ಇಡುವ ‘ಲ್ಯಾಡರ್’ ಕೂಡ ಇದೇ ಮನೆತನದ್ದು.

ಕೈಕಾಲು ಹರಡಿ ಬಿದ್ದುಕೊಂಡರೆ ಸ್ಪ್ರಾಲ್. ಬೆನ್ನು ಗೂನು ಮಾಡಿ ಕುಸಿದು ಕೂತರೆ ಸ್ಲೌಚ್, ಇದರಲ್ಲಿ ಬೈಗುಳದ ವಾಸನೆ ಇದೆ. ಸುಮ್ನೆ ಹಾಯಾಗಿ ಕಾಲ ಕಳೆಯುವುದು ಲೌಂಜ್.

ರಿಲ್ಯಾಕ್ಸ್ ಈ ಸಾಲಿಗೆ ಸೇರುವುದಿಲ್ಲ. ಅದು ಭಂಗಿ ಅಲ್ಲವೇ ಅಲ್ಲ. ಅದರ ಮೂಲದಲ್ಲಿರುವ ಲ್ಯಾಟಿನ್‌ನ ‘ಲಾಕ್ಸುಸ್’ ಅಂದರೆ ಸಡಿಲ. ಆದ್ದರಿಂದಲೇ ನಿಂತುಕೊಂಡೂ ರಿಲ್ಯಾಕ್ಸ್ ಆಗಬಹುದು, ಮಲಗಿದ್ದರೂ ಹಲ್ಲು ಕಚ್ಚಿಕೊಂಡು ಆಗದೇ ಇರಬಹುದು. ಬಿಗಿಹಿಡಿದ ಭುಜವನ್ನು ಇಳಿಬಿಟ್ಟರೆ ಅದೂ ರಿಲ್ಯಾಕ್ಸ್. ನಿಯಮ ಸಡಿಲಿಸುವುದಕ್ಕೂ ಇದೇ ಪದ, ನಾವೂ ಅದನ್ನು ‘ಸಡಿಲಿಸು’ ಅಂತಲೇ ಅನ್ನುತ್ತೇವೆ. ಸಿಟ್ಟಿನಲ್ಲಿರುವವರಿಗೆ ಮಾತ್ರ ‘ರಿಲ್ಯಾಕ್ಸ್’ ಅನ್ನಬೇಡಿ. ನಿಮ್ಮ ಸಿಟ್ಟಿಗೆ ಅರ್ಥ ಇಲ್ಲ ಅಂದಂತೆ ಕೇಳಿಸುತ್ತದೆ.

ಕೊನೆಗೆ, ‘ಸ್ವಲ್ಪ ಹೊತ್ತು ಅಡ್ಡಾಗ್ತೀನಿ’ ಅನ್ನುತ್ತೇವಲ್ಲ, ನಿದ್ದೆ ಬಂದರೂ ಸರಿ, ಬರದಿದ್ದರೂ ಸರಿ ಅನ್ನುವ ಹಾಗೆ. ಇದಕ್ಕೆ ಬ್ರಿಟನ್ನಿನವರ ಹತ್ತಿರ ‘ಹ್ಯಾವ್ ಎ ಲೈ-ಡೌನ್’ ಅನ್ನುವ ಮಾತಿದೆ. ಅಡ್ಡಾಗುವುದಕ್ಕೆ ಇದಕ್ಕಿಂತ ಹತ್ತಿರದ ಇಂಗ್ಲಿಷ್ ನನಗಂತೂ ಸಿಕ್ಕಿಲ್ಲ.