ಬರೋಕ್ ಅಂದರೆ ಬರೀ ಅಲಂಕಾರವೇ?

ಪ್ರಶ್ನೆ: ಫ್ರೆಂಚ್ ತತ್ವಜ್ಞಾನಿ ಡೆಲ್ಯೂಜ್ ತತ್ವಶಾಸ್ತ್ರ ಬರೆಯುವಾಗ ಬರೋಕ್ ಕಲೆಯನ್ನು, ಅಂದರೆ ಯುರೋಪಿನ 17ನೇ ಶತಮಾನದ ಆ ವೈಭವದ ಶೈಲಿಯನ್ನು, ಯಾಕೆ ತರುತ್ತಾನೆ? ಚರ್ಚಿನ ಅಲಂಕಾರಕ್ಕೂ ಯೋಚನೆಗೂ ಏನು ಸಂಬಂಧ?

ಉತ್ತರ: ಮತ್ತೆ ಬಂತು ನೋಡಿ, 'ಅಲಂಕಾರ'! ಯಾರು ಕೇಳಿದರೂ ಪ್ರಶ್ನೆಯೊಳಗೆ ಇದು ಕೂತೇ ಇರುತ್ತದೆ. ಎಬ್ಬಿಸಿ ಎಬ್ಬಿಸಿ ನನಗೆ ಸಾಕಾಗಿದೆ.

ರೋಮ್‌ನ ಸಾಂತಾ ಮರಿಯಾ ದೆಲ್ಲಾ ವಿತ್ತೋರಿಯಾ ಚರ್ಚಿನಲ್ಲಿ ಬರೋಕ್ ಶಿಲ್ಪಿ ಬರ್ನಿನಿ ಕಡೆದ, ದೇವರ ಪ್ರೇಮದಲ್ಲಿ ಮೈಮರೆತ ಸ್ಪೇನಿನ ಸಂತ ತೆರೇಸಾಳ ಶಿಲ್ಪವಿದೆ. 1652ರಲ್ಲಿ ಮುಗಿದದ್ದು. ಅದರ ಫೋಟೊ ಹುಡುಕಿ ನೋಡಿ. ಮುಖ, ಕೈ, ಪಾದ ಬಿಟ್ಟರೆ ಮೈಯೇ ಕಾಣದು. ಉಳಿದದ್ದೆಲ್ಲ ನೆರಿಗೆ. ಒಳಗೆ ಮೈ ಯಾವ ಭಂಗಿಯಲ್ಲಿದೆ ಅಂತಲೂ ಆ ನೆರಿಗೆ ಸರಿಯಾಗಿ ಹೇಳುವುದಿಲ್ಲ. ಆದರೆ ಆಕೆಯೊಳಗಿನ ಉರಿಯೆಲ್ಲ ಅಲ್ಲೇ ಇದೆ. ಅಲಂಕಾರ ಅಂದರೆ ತೆಗೆದಿಟ್ಟರೂ ನಡೆಯುವಂಥದ್ದು, ಅಲ್ವಾ? ಸೀರೆಗೆ ಹೊಲಿದ ಲೇಸನ್ನು ಬಿಚ್ಚಿ ಪಕ್ಕಕ್ಕಿಡಬಹುದು. ಸೀರೆಯ ನೆರಿಗೆಯನ್ನು ಸೀರೆಯಿಂದ ಬಿಡಿಸಿ ಕೈಗೆ ಕೊಡಿ ನೋಡೋಣ!

ಡೆಲ್ಯೂಜ್ 1988ರಲ್ಲಿ ಬರೋಕ್ ಕಾಲದ ಜರ್ಮನ್ ತತ್ವಜ್ಞಾನಿ ಲೈಬ್ನಿಜ್ ಬಗ್ಗೆ ಬರೆದ ಪುಸ್ತಕದ ಹೆಸರೇ 'ಲ ಪ್ಲಿ', ಅಂದರೆ ಮಡಿಕೆ. ಅವನ ಪ್ರಕಾರ ಬರೋಕ್ ಮಾಡುವುದೇ ಅದು, ಮಡಿಚುತ್ತಾ ಹೋಗುವುದು. ಲೈಬ್ನಿಜ್ ಕೂಡ ವಸ್ತುವನ್ನು ಮರಳಿನ ಕಾಳುಗಳ ಹಾಗೆ ನೋಡಲಿಲ್ಲ. ಅವನಿಗೆ ಅದು ಬಟ್ಟೆಯ ಹಾಗೆ, ಮಡಿಕೆಯೊಳಗೆ ಮಡಿಕೆ.

ಇನ್ನು ಯೋಚನೆ. ಲೈಬ್ನಿಜ್‌ನ ಮೊನಾಡ್‌ಗೆ, ಅಂದರೆ ಒಂದೊಂದು ಜೀವಕ್ಕೂ, ಕಿಟಕಿಯೇ ಇಲ್ಲ. ಇಡೀ ಜಗತ್ತು ಅದರೊಳಗೇ ಮಡಿಚಿಕೊಂಡಿದೆ. ನಿಚ್ಚಳವಾಗಿ ಕಾಣುವುದು ಸ್ವಲ್ಪವೇ. ಉಳಿದದ್ದು ಕಡಲ ಮೊರೆತದ ಹಾಗೆ: ಒಂದೊಂದು ಅಲೆಯ ಸದ್ದೂ ಕಿವಿಗೆ ಬೀಳುತ್ತದೆ, ಆದರೆ ಬಿಡಿಯಾಗಿ ಗೊತ್ತಾಗುವುದಿಲ್ಲ. ಹೊರಗೆ ಇಣುಕಲು ಕಿಟಕಿಯೇ ಇಲ್ಲದ ಮೇಲೆ ಯೋಚಿಸುವುದು ಅಂದರೆ ಒಳಗಿನ ಮಡಿಕೆ ಬಿಚ್ಚುವುದೇ. ಸಂಬಂಧ ಇಷ್ಟು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 'ವಿವರಿಸು' ಅನ್ನಲು ಫ್ರೆಂಚಿನಲ್ಲಿರುವ 'ಎಕ್ಸ್‌ಪ್ಲಿಕೇ' ಪದದಲ್ಲೂ ಈ 'ಪ್ಲಿ' ಇದೆ. ಲ್ಯಾಟಿನ್ ಮೂಲದಲ್ಲಿ ಮಡಿಕೆ ಬಿಚ್ಚು ಅಂತಲೇ ಅರ್ಥ. ನಾವೂ 'ಬಿಡಿಸಿ ಹೇಳಿ' ಅನ್ನುತ್ತೇವಲ್ಲ! ಹಾಗಾದರೆ ಪೂರ್ತಿ ಬಿಡಿಸಿದರೆ ಬಟ್ಟೆ ಸಪಾಟಾಗುತ್ತದಾ? ಇಲ್ಲ ಅನ್ನುತ್ತಾನೆ ಡೆಲ್ಯೂಜ್. ಒಂದು ಮಡಿಕೆ ಬಿಚ್ಚಿದರೆ ಇನ್ನೊಂದರ ಬಾಗಿಲಿಗೆ ಹೋಗಿ ನಿಂತಿರುತ್ತೀರಿ.

ಪುಸ್ತಕ ಬಂದ ಮೇಲೆ ಅವನಿಗೆ ಕಾಗದ ಮಡಿಚುವವರ ಸಂಘದಿಂದ ಪತ್ರ ಬಂತು, ನಾವು ಮಾಡುವುದೂ ಇದನ್ನೇ ಅಂತ. ಆಮೇಲೆ ಸರ್ಫಿಂಗ್ ಮಾಡುವವರೂ ಬರೆದರು. ಅವರು ಅಲೆಯ ಮಡಿಕೆಯೊಳಗೇ ನುಗ್ಗುವ ಜನ. ಅವರ್ಯಾರೂ ಅಲಂಕಾರದ ಬಗ್ಗೆ ಕೇಳಿರಲಿಕ್ಕಿಲ್ಲ.