ಪೇಂಟ್ ಮಾಡಿದ ಟೀ ಶರ್ಟನ್ನು ಉಪ್ಪು ನೀರಲ್ಲಿ ಎಷ್ಟು ಹೊತ್ತು ನೆನೆಸಬೇಕು?

ಪ್ರಶ್ನೆ: ಮೇಡಂ, ಮನೆಯಲ್ಲೇ ಸ್ಟೆನ್ಸಿಲ್ ಕತ್ತರಿಸಿ ಮಗನ ಟೀ ಶರ್ಟ್ ಮೇಲೆ ಫ್ಯಾಬ್ರಿಕ್ ಪೇಂಟ್ ಮಾಡಿದ್ದೇನೆ. ಒಗೆದಾಗ ಬಣ್ಣ ಹೋಗದ ಹಾಗೆ ಉಪ್ಪು ನೀರಲ್ಲಿ ಎಷ್ಟು ಹೊತ್ತು ನೆನೆಸಬೇಕು? ವಿನೆಗರ್ ಕೂಡ ಹಾಕಬೇಕಾ?

ಎಷ್ಟು ಹೊತ್ತೂ ಬೇಡ. ಉಪ್ಪು ಸಾರಿಗಿರಲಿ, ವಿನೆಗರ್ ಗೋಬಿ ಮಂಚೂರಿಗಿರಲಿ. ಬೇಸಿಗೆ ರಜೆ ಶುರುವಾದಾಗಿನಿಂದ ಇದೊಂದು ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಅದಕ್ಕೇ ಒಂದೇ ಸಲ ಪೂರ್ತಿ ಬರೆದಿಡುತ್ತಿದ್ದೇನೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ತೋರಿಸುತ್ತೇನೆ.

ಮಾಡುವ ವಿಧಾನ ನಿಮಗೆ ಗೊತ್ತೇ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಪೂರ್ತಿ ಕಾಟನ್ ಶರ್ಟ್ ತಗೊಳ್ಳಿ. ಹೊಸದಾದರೆ ಒಮ್ಮೆ ಒಗೆದು ಗಂಜಿ ತೆಗೆಯಿರಿ, ಕಂಫರ್ಟ್ ಗಿಂಫರ್ಟ್ ಹಾಕಬೇಡಿ. ಒಳಗೆ ರಟ್ಟು ತೂರಿಸಿ, ಇಲ್ಲದಿದ್ದರೆ ಎದೆಯ ಚಿತ್ರ ಬೆನ್ನಿಗೂ ಬರುತ್ತದೆ. ಸ್ಟೆನ್ಸಿಲ್‌ಗೆ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ (ಓಎಚ್‌ಪಿ ಶೀಟ್) ಸಾಕು, ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ. ಸ್ಪಂಜಿನ ಚೂರಿಗೆ ಬಣ್ಣ ಮುಟ್ಟಿಸಿ, ಮೊದಲು ಹಳೇ ಪೇಪರ್ ಮೇಲೆ ನಾಲ್ಕು ಸಲ ಒತ್ತಿ, ಆಮೇಲೆ ಬಟ್ಟೆ ಮೇಲೆ ನೇರವಾಗಿ ತಟ್ಟುತ್ತಾ ಹೋಗಿ. ಉಜ್ಜಬೇಡಿ, ಉಜ್ಜಿದರೆ ಬಣ್ಣ ಸ್ಟೆನ್ಸಿಲ್ ಅಡಿಗೆ ನುಗ್ಗುತ್ತದೆ. ಒಂದೇ ಸಲ ದಪ್ಪಗೆ ಹಚ್ಚುವುದಕ್ಕಿಂತ ತೆಳುವಾಗಿ ಎರಡು ಸಲ ಹಚ್ಚುವುದು ಮೇಲು. ಇಷ್ಟೇ.

ಈಗ ಉಪ್ಪಿನ ವಿಷಯ. ಇದು ಎಲ್ಲಿಂದ ಬಂತು ಅಂತ ನನಗೂ ಗೊತ್ತು. ನಮ್ಮಮ್ಮ ಹೊಸ ಸೀರೆ ತಂದರೆ ಮೊದಲು ಬಕೆಟ್‌ಗೆ ಒಂದು ಮುಷ್ಟಿ ಕಲ್ಲುಪ್ಪು ಹಾಕಿ ಮುಳುಗಿಸುತ್ತಿದ್ದರು. ಬಣ್ಣ ಬಿಡುವ ಸೀರೆ ಆಮೇಲೂ ಬಿಡುತ್ತಿತ್ತು, ಅದು ಬೇರೆ ಮಾತು! ಬಟ್ಟೆಗೆ ಬಣ್ಣ ಹಾಕುವ ಕಡೆ ಉಪ್ಪಿಗೆ ನಿಜವಾದ ಕೆಲಸ ಇದೆ. ನೀರಿನಲ್ಲಿ ಹತ್ತಿಗೂ ಕರಗಿದ ಬಣ್ಣಕ್ಕೂ ಒಂದೇ ಥರದ ವಿದ್ಯುತ್ ಗುಣ ಬರುವುದರಿಂದ ಅವೆರಡೂ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಹಾಕಿದರೆ ಆ ತಳ್ಳಾಟ ಕಡಿಮೆಯಾಗಿ ಬಣ್ಣ ಎಳೆಯ ಹತ್ತಿರ ಹೋಗುತ್ತದೆ. ಹಾಗಂತ ಅದನ್ನು ಅಲ್ಲಿ ಕಟ್ಟಿಹಾಕುವುದು ಉಪ್ಪಲ್ಲ. 1956ರಿಂದ ಮಾರುಕಟ್ಟೆಯಲ್ಲಿರುವ, ಹತ್ತಿ ಎಳೆಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣಗಳಿಗೆ ಆ ಕೆಲಸ ಮಾಡಿಸುವುದು ಸೋಡಾ ಆಶ್, ಅಂದರೆ ವಾಷಿಂಗ್ ಸೋಡಾ ಜಾತಿಯ ಕ್ಷಾರ. ವಿನೆಗರಿನ ಹುಳಿ ಬೇಕಾಗುವುದು ಉಣ್ಣೆ, ರೇಷ್ಮೆಗೆ ಹಾಕುವ ಆಸಿಡ್ ಬಣ್ಣಗಳಿಗೆ. ಇದೆಲ್ಲ ಬಣ್ಣದ ಹಂಡೆಯೊಳಗೆ ನಡೆಯುವ ವ್ಯವಹಾರ. ಬಣ್ಣ ಹತ್ತಿ, ಒಣಗಿ, ಅಂಗಡಿಗೆ ಬಂದು, ನಿಮ್ಮ ಮನೆ ಸೇರಿದ ಮೇಲೆ ಬಕೆಟ್‌ನ ಉಪ್ಪು ಮಾಡುವುದು ಏನೂ ಇಲ್ಲ.

ನಿಮ್ಮ ಕೈಲಿರುವ ಪುಟ್ಟ ಬಾಟಲಿಯ ಬಣ್ಣದ ಜಾತಿಯೇ ಬೇರೆ. ಅದು ನೀರಲ್ಲಿ ಕರಗುವ ಬಣ್ಣವೇ ಅಲ್ಲ. ಬಣ್ಣದ ನುಣ್ಣನೆ ಪುಡಿ, ಜೊತೆಗೆ ಅಕ್ರಿಲಿಕ್ ಅಂಟು. ನೀರು ಆರಿದಾಗ ಅಂಟಿನ ಕಣಗಳು ಒಂದಕ್ಕೊಂದು ಕೂಡಿಕೊಂಡು, ಪುಡಿಯನ್ನು ಒಳಗಿಟ್ಟುಕೊಂಡು, ಎಳೆಗಳ ಮೇಲೆ ತೆಳು ಪದರ ಕಟ್ಟುತ್ತವೆ. ಬಿಸಿ ತಾಗಿದರೆ ಆ ಕೂಡುವಿಕೆ ಇನ್ನೂ ಗಟ್ಟಿ. ಇದರಲ್ಲಿ ಉಪ್ಪು ಯಾರನ್ನು ಹಿಡಿದು ಯಾರ ಹತ್ತಿರ ತಳ್ಳಬೇಕು ಹೇಳಿ?

ಸುಮ್ನೆ ಉಪಯೋಗ ಇಲ್ಲ ಅಂದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಇದರಿಂದ ಹಾಳಾಗುತ್ತದೆ! ಸಂಜೆ ಪೇಂಟ್ ಮಾಡುತ್ತೀರಿ, ಮಲಗುವ ಹೊತ್ತಿಗೆ ಮುಟ್ಟಿದರೆ ಕೈಗೆ ಹತ್ತುವುದಿಲ್ಲ, ಒಣಗಿತು ಅಂತ ರಾತ್ರಿಯೆಲ್ಲ ಉಪ್ಪು ನೀರಲ್ಲಿ ಮುಳುಗಿಸುತ್ತೀರಿ. ಒಳಗಿನ ಪದರ ಇನ್ನೂ ಹಸಿ. ಬೆಳಿಗ್ಗೆ ಹಿಂಡಿದರೆ ಅಂಚು ಎದ್ದು ಬರುತ್ತದೆ. ಆಮೇಲೆ ಬಣ್ಣದ ಕಂಪನಿಗೆ ಬೈಗುಳ.

ನಂಬದವರಿಗಾಗಿ ನಾನೇ ಒಂದು ಹಳೇ ಬನಿಯನ್ ಕತ್ತರಿಸಿ ನಾಲ್ಕು ತುಂಡು ಮಾಡಿ, ನಾಲ್ಕಕ್ಕೂ ಒಂದೇ ಕಪ್ಪು ಎಲೆ ಹಾಕಿದೆ. ಒಂದನ್ನು ಉಪ್ಪಿಗೆ, ಒಂದನ್ನು ವಿನೆಗರ್‌ಗೆ, ಒಂದನ್ನು ಇಸ್ತ್ರಿಗೆ ಕೊಟ್ಟು ಇನ್ನೊಂದನ್ನು ಹಾಗೇ ಬಿಟ್ಟೆ. ವಾಷಿಂಗ್ ಮೆಷೀನ್‌ನಲ್ಲಿ ಎಂಟು ಸಲ ತಿರುಗಿದ ಮೇಲೆ ಇಸ್ತ್ರಿಯ ಎಲೆಯ ನರ ಕೂಡ ಸ್ಪಷ್ಟ. ಉಳಿದ ಮೂರರಲ್ಲಿ ಯಾವುದು ಯಾವುದು ಅಂತ ಹಿಂದೆ ಬರೆದಿಟ್ಟ ಗುರುತು ನೋಡಿಯೇ ಹೇಳಬೇಕಾಯಿತು.

ಹಾಗಾಗಿ ಇಸ್ತ್ರಿ. ಪೂರ್ತಿ ಒಂದು ದಿನ ನೆರಳಲ್ಲಿ ಒಣಗಲಿ. ಆಮೇಲೆ ಶರ್ಟ್ ಒಳಮಗ್ಗುಲಾಗಿ ತಿರುಗಿಸಿ, ಕಾಟನ್ ಬಿಸಿಯಲ್ಲಿ, ಸ್ಟೀಮ್ ಇಲ್ಲದೆ, ಚಿತ್ರದ ಹಿಂಭಾಗಕ್ಕೆ ನಾಲ್ಕೈದು ನಿಮಿಷ ಕೈ ಆಡಿಸುತ್ತಾ ಹಾಕಿ. ಒಂದೇ ಕಡೆ ಇಟ್ಟು ಫೋನ್ ತೆಗೆಯಲು ಹೋಗಬೇಡಿ. ಇನ್ನೆರಡು ದಿನ ಬಿಟ್ಟು ಒಗೆಯಿರಿ, ತಣ್ಣೀರಲ್ಲಿ, ತಿರುಗಿಸಿಯೇ. ಒಗೆಯುವ ಕಲ್ಲು ದಯವಿಟ್ಟು ಬೇಡ. ಚಿಕ್ಕಮಗಳೂರಿನ ಆಷಾಢದ ಮಳೆಯಲ್ಲಿ ಮಾಡುವವರಿಗೆ ಒಂದು ದಿನ ಸಾಲುವುದಿಲ್ಲ, ಚಡ್ಡಿಯೇ ಒಣಗದ ಕಾಲದಲ್ಲಿ ಪೇಂಟ್ ಎಲ್ಲಿ ಒಣಗಬೇಕು? ಮೂರು ದಿನ ಫ್ಯಾನಿನಡಿ ಬಿಡಿ.

ನಮ್ಮ ಅತ್ತಿಗೆ ಹಾಸನದಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಪ್ರಿಂಟಿಂಗ್ ಸೆಕ್ಷನ್. ಪ್ರಿಂಟ್ ಆದ ಬಟ್ಟೆಯನ್ನು ಸುಮಾರು 150, 160 ಡಿಗ್ರಿ ಬಿಸಿಯ ಮೆಷೀನ್‌ನಲ್ಲಿ ಹಾಯಿಸುವುದಕ್ಕೆ ಅಲ್ಲಿ ಕ್ಯೂರಿಂಗ್ ಅನ್ನುತ್ತಾರಂತೆ. ನಮ್ಮೂರಲ್ಲಿ ಕ್ಯೂರಿಂಗ್ ಅಂದರೆ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವುದು ಬಿಟ್ಟು ಬೇರೆ ಹೊಳೆಯುವುದಿಲ್ಲ. ಉಪ್ಪಿನ ವಿಷಯ ಕೇಳಿದ್ದಕ್ಕೆ ಅತ್ತಿಗೆ, "ನಮ್ಮಲ್ಲಿ ಉಪ್ಪು ಕ್ಯಾಂಟೀನ್‌ನಲ್ಲಿ ಮಾತ್ರ ಇರೋದು ಕಣೇ" ಅಂದರು.

ಕಾಫಿ ಅಂದ ಮೇಲೆ ನೆನಪಾಯಿತು. ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಕ್ಯೂರಿಂಗ್ ವರ್ಕ್ಸ್‌ನಿಂದ ಹೊರಡುವ 60 ಕೆಜಿ ಗೋಣಿಚೀಲದ ಮೇಲೆ ಸ್ಟೆನ್ಸಿಲ್ ಅಕ್ಷರ ನೋಡಿದ್ದೀರಲ್ವಾ? ಇಂಗ್ಲಿಷ್ ಓ, ಬಿ ಎಲ್ಲ ಅಲ್ಲಲ್ಲಿ ತುಂಡಾದ ಹಾಗಿರುತ್ತವೆ. ಅದು ಸ್ಟೈಲ್ ಅಲ್ಲ. ಒಳಗಿನ ಗುಂಡು ಬಿದ್ದು ಹೋಗದಿರಲಿ ಅಂತ ಬಿಟ್ಟ ಸೇತುವೆ. ಕನ್ನಡಕ್ಕೆ ಈ ಕಷ್ಟ ಇನ್ನೂ ಜಾಸ್ತಿ, ನಮ್ಮದು ಬರೀ ಸುರುಳಿ, ಉಂಗುರ. ಅನುಸ್ವಾರವೇ ಒಂದು ಪೂರ್ತಿ ಸೊನ್ನೆ, ಠ ಅಂತೂ ಉಂಗುರದೊಳಗೆ ಚುಕ್ಕಿ.

ಅಣ್ಣನ ಮಗನಿಗೆ ಕ್ರಿಕೆಟ್ ಟೀಮಿನ ಶರ್ಟ್ ಮೇಲೆ 'ಬೇಲೂರು' ಅಂತ ಬೇಕಿತ್ತು. ನಾನೂ ಗಮನಿಸದೆ ಕತ್ತರಿಸಿದೆ, ಕೊನೇ ಅಕ್ಷರದ ಹೊಟ್ಟೆ ಕಿತ್ತು ಕೈಗೆ ಬಂತು, ಶರ್ಟ್ ಮೇಲೆ ಒಂದು ಕಪ್ಪು ಬೋಂಡಾ. ಎರಡನೇ ಸಲ ರ ಒಳಗೆ ಎಡಕ್ಕೊಂದು ಬಲಕ್ಕೊಂದು ಸೇತುವೆ ಬಿಟ್ಟೆ. 2 ಮಿಲಿಮೀಟರ್‌ಗಿಂತ ಸಣ್ಣಗೆ ಬಿಡಬೇಡಿ, ಟೇಪ್ ಕೀಳುವಾಗ ಹರಿಯುತ್ತದೆ. ಆ ಗೆರೆ ಬೇಡ ಅನ್ನಿಸಿದರೆ ಒಣಗಿದ ಮೇಲೆ ಸಣ್ಣ ಬ್ರಶ್‌ನಲ್ಲಿ ತುಂಬಿಬಿಡಿ. ನಾನು ತುಂಬುವುದಿಲ್ಲ, ಕಾಫಿ ಚೀಲದ ಹಾಗೆ ಕಂಡರೇ ನನಗಿಷ್ಟ.